ಬೆಳಗ್ಗೆ ನಡುಗುವ ಡೀಸೆಲ್ ಕಾರು

ಗ್ಯಾರೇಜಿನ ಬಾಗಿಲು ಕಂಡೊಡನೆ ಮಾಯವಾಗುವ ಕಾಯಿಲೆಯೊಂದು ಡೀಸೆಲ್ ಕಾರುಗಳಿಗಿದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ಟಿನಿಂದ ಸ್ಟೀರಿಂಗ್‌ವರೆಗೆ ಗಡಗಡ ನಡುಗುತ್ತದೆ, ಸೈಲೆನ್ಸರಿನಿಂದ ಕಣ್ಣುರಿಸುವ ಹೊಗೆ ಬರುತ್ತದೆ, ಒಂದೆರಡು ನಿಮಿಷದಲ್ಲಿ ಏನೂ ಆಗೇ ಇಲ್ಲವೆಂಬಂತೆ ಸುಮ್ಮನಾಗುತ್ತದೆ. ಗ್ಯಾರೇಜು ಮುಟ್ಟುವ ಹೊತ್ತಿಗೆ ಇಂಜಿನ್ ಕಾದಿರುತ್ತದೆ. ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, "ಸರಿಯಾಗೇ ಇದೆಯಲ್ಲ ಸಾರ್" ಅನ್ನುತ್ತಾರೆ. ನೀವು ಬಿಡದೆ ಹೇಳಿದರೆ, "ಹಂಗಾದ್ರೆ ನಾಝಲ್ ಬಿಚ್ಚಿ ನೋಡ್ಬೇಕು" ಎಂಬ ಉತ್ತರ ಬರುತ್ತದೆ. ಅಲ್ಲಿಂದ ಬಿಲ್ಲು ಏರತೊಡಗುತ್ತದೆ.

ತಪ್ಪು ಮೆಕ್ಯಾನಿಕ್ಕಿನದಲ್ಲ. ಕಾದ ಇಂಜಿನ್ನಿನಲ್ಲಿ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ. ಸುಳಿವೆಲ್ಲ ಇರುವುದು ತಣ್ಣಗಿನ ಇಂಜಿನ್ನಿನ ಮೊದಲ ಎರಡು ನಿಮಿಷದಲ್ಲಿ, ಆ ಹೊತ್ತಿನಲ್ಲಿ ಕಾರಿನ ಬಳಿ ಇರುವುದು ನೀವೊಬ್ಬರೇ. ಹಾಗಾಗಿ ಪತ್ತೆ ಕೆಲಸದ ಮುಕ್ಕಾಲು ಪಾಲು ನಿಮ್ಮ ಮನೆಯಂಗಳದಲ್ಲೇ ಮುಗಿಯಬೇಕು. ಅದಕ್ಕೆ ಬೇಕಾದ್ದು ಒಂದು ಮಲ್ಟಿಮೀಟರ್, ಮೊಬೈಲ್, ಮತ್ತೆ ಕೆಲವು ಬೆಳಗುಗಳ ತಾಳ್ಮೆ.

ನಡುಕ ಯಾಕೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸಲು ಸ್ಪಾರ್ಕ್ ಪ್ಲಗ್ ಇದೆ, ಡೀಸೆಲ್‌ನಲ್ಲಿ ಅದಿಲ್ಲ. ಸಿಲಿಂಡರಿಗೆ ಬಂದ ಗಾಳಿಯನ್ನು ಪಿಸ್ಟನ್ ಹದಿನಾರು–ಹದಿನೆಂಟನೇ ಒಂದು ಪಾಲಿಗೆ ಅದುಮುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವ ಹಾಗೆ ಆ ಗಾಳಿಯೂ ಬಿಸಿಯಾಗುತ್ತದೆ, ಎಷ್ಟೆಂದರೆ 500 ಡಿಗ್ರಿ ಸೆಲ್ಸಿಯಸ್ ದಾಟುವಷ್ಟು. ಅದರೊಳಕ್ಕೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಇಂಜಿನ್ ತಣ್ಣಗಿದ್ದರೆ ಈ ಬಿಸಿಯಲ್ಲಿ ಒಂದು ಪಾಲನ್ನು ಸಿಲಿಂಡರಿನ ಗೋಡೆ, ಪಿಸ್ಟನ್ನಿನ ತಲೆ ಹೀರಿಬಿಡುತ್ತವೆ. ಸೆಲ್ಫ್ ನಿಧಾನವಾಗಿ ತಿರುಗಿದರೆ ಅದುಮಿದ ಗಾಳಿ ರಿಂಗುಗಳ ಸಂದಿಯಲ್ಲಿ ಸೋರಿಹೋಗುತ್ತದೆ. ನಾಲ್ಕು ಸಿಲಿಂಡರುಗಳಲ್ಲಿ ಒಂದು ತಡವಾಗಿ ಹೊತ್ತಿದರೂ, ಹೊತ್ತದೇ ಉಳಿದರೂ ಇಂಜಿನ್ ಕುಂಟುತ್ತದೆ. ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಹೊರಗೆ ಬರುತ್ತದೆ.

ಈ ಕೊರತೆ ತುಂಬುವುದಕ್ಕೇ ಹೀಟರ್ ಪ್ಲಗ್ ಇರುವುದು. ಕಂಪನಿಯ ಪುಸ್ತಕದಲ್ಲಿ ಗ್ಲೋ ಪ್ಲಗ್ ಅಂತಿದ್ದರೂ ನಮ್ಮ ಗ್ಯಾರೇಜುಗಳಲ್ಲಿ ಹೀಟರ್ ಪ್ಲಗ್ ಎಂದರೇ ತಿಳಿಯುವುದು. ಸಿಲಿಂಡರಿಗೆ ಒಂದರಂತೆ ಕೂತು, ಕೀ ತಿರುಗಿಸಿದ ಕೆಲವೇ ಸೆಕೆಂಡಿನಲ್ಲಿ ಅದರ ತುದಿ ಕೆಂಪಗೆ ಕಾಯುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಆಕಾರದ ಹಳದಿ ದೀಪ ಕಾಣುತ್ತದಲ್ಲ, ಅದು ಇದರದ್ದು. ಬಹಳ ಮಂದಿಗೆ ತಿಳಿಯದ ಸಂಗತಿ ಏನೆಂದರೆ, ಇಂಜಿನ್ ಸ್ಟಾರ್ಟ್ ಆದಮೇಲೂ ಈ ಪ್ಲಗ್‌ಗಳು ಸ್ವಲ್ಪ ಹೊತ್ತು, ಕೆಲವು ಕಾರುಗಳಲ್ಲಿ ಎರಡು–ಮೂರು ನಿಮಿಷದವರೆಗೂ, ಕಾಯುತ್ತಲೇ ಇರುತ್ತವೆ. ಐಡ್ಲಿಂಗ್ ನಯವಾಗಲಿ, ಹೊಗೆ ಕಡಿಮೆಯಾಗಲಿ ಎಂಬುದೇ ಅದರ ಉದ್ದೇಶ. ಆದ್ದರಿಂದ "ಸ್ಟಾರ್ಟ್ ಆಗುತ್ತೆ, ಹೀಟರ್ ಪ್ಲಗ್ ಚೆನ್ನಾಗಿದೆ" ಎಂದು ತೀರ್ಮಾನಿಸಲಾಗದು. ಸ್ಟಾರ್ಟ್ ಆಗಿ ಅರ್ಧ ನಿಮಿಷ ನಡುಗಿ ಸುಮ್ಮನಾಗುವ ಕಾರಿನಲ್ಲೇ ಅವುಗಳ ಮೇಲೆ ಹೆಚ್ಚು ಸಂಶಯ ಪಡಬೇಕು.

ಕಾರಿನ ವಯಸ್ಸು, ಊರು ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. 1998ರ ಕೊನೆಯಲ್ಲಿ ಬಂದ ಟಾಟಾ ಇಂಡಿಕಾದಂಥ ಹಳೆಯ ಡೀಸೆಲ್‌ಗಳಲ್ಲಿ ಇಂಧನ ಮೊದಲು ಒಂದು ಪುಟ್ಟ ಕೋಣೆಯಲ್ಲಿ ಉರಿಯುತ್ತಿತ್ತು. ಆ ಕೋಣೆಯ ಗೋಡೆಗೆ ಬಿಸಿ ಬೇಗ ಸೋರುವುದರಿಂದ ಅವಕ್ಕೆ ಮಂಗಳೂರಿನ ಸೆಕೆಯಲ್ಲೂ ಬೆಳಗಿನ ಹೊತ್ತು ಹೀಟರ್ ಪ್ಲಗ್ ಬೇಕು. ಕಾಮನ್ ರೇಲ್ ಕಾರುಗಳ ಕಥೆ ಬೇರೆ. 2007ರಲ್ಲಿ ಸ್ವಿಫ್ಟ್‌ಗೆ ಬಂದು ಆಮೇಲೆ ಡಿಜೈರ್, ರಿಟ್ಜ್, ಎರ್ಟಿಗಾ, ಇಂಡಿಕಾ ವಿಸ್ಟಾ, ಫಿಯಟ್ ಪುಂಟೋಗಳಲ್ಲೂ ಕೂತ 1248 ಸಿಸಿ ಇಂಜಿನ್ನನ್ನೇ ತೆಗೆದುಕೊಳ್ಳಿ. ಡೀಸೆಲ್ ನೇರ ಪಿಸ್ಟನ್ನಿನ ತಲೆಯ ಮೇಲೆ ಬೀಳುವುದರಿಂದ ಕರಾವಳಿಯಲ್ಲಿ ನಾಲ್ಕೂ ಪ್ಲಗ್ ಸತ್ತಿದ್ದರೂ ಮಾಲೀಕರಿಗೆ ಗೊತ್ತೇ ಆಗದಿರಬಹುದು. ಅದೇ ಕಾರು ಜನವರಿಯಲ್ಲಿ ಮಡಿಕೇರಿಗೋ ಬೀದರಿಗೋ ಹೋಗಿ 12 ಡಿಗ್ರಿಯ ಬೆಳಗಿನಲ್ಲಿ ನಿಂತರೆ ಬಣ್ಣ ಬಯಲಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಹೀಗಾಗಿ ಆ ಇಂಜಿನ್ನಿನ ಮಾರುತಿಗಳೆಲ್ಲ ಈಗ ಸವೆತ ಶುರುವಾಗುವ ವಯಸ್ಸಿನವು.

ಮೊದಲ ಬೆಳಗು: ಮುಟ್ಟಬೇಡಿ, ನೋಡಿ

ಸ್ಟಾರ್ಟ್ ಮಾಡಲು ಮನೆಯವರಲ್ಲಿ ಒಬ್ಬರನ್ನು ಕೂರಿಸಿ ನೀವು ಸೈಲೆನ್ಸರಿನ ಪಕ್ಕ ನಿಲ್ಲಿ. ಮೊಬೈಲಿನಲ್ಲಿ ವಿಡಿಯೋ ಮಾಡಿ, ಕೀ ತಿರುಗುವ ಮೊದಲಿನಿಂದ ನಡುಕ ನಿಲ್ಲುವವರೆಗೂ ಬಿಡದೆ. ಮುಂದೆ ಗ್ಯಾರೇಜಿನಲ್ಲಿ ನಿಮ್ಮ ಹತ್ತು ಮಾತಿಗಿಂತ ಈ ವಿಡಿಯೋ ಕೆಲಸಕ್ಕೆ ಬರುತ್ತದೆ.

ಹೊಗೆಯ ಬಣ್ಣ ಗಮನಿಸಿ. ಬೂದಿ ಮಿಶ್ರಿತ ಬಿಳಿ, ಮೂಗಿಗೆ ಹಸಿ ಡೀಸೆಲ್ ವಾಸನೆ, ಕಣ್ಣುರಿ ಇದ್ದರೆ ಅದು ಉರಿಯದೆ ಬಂದ ಇಂಧನ. ಬಿಳಿಯೇ ಆದರೂ ಆವಿಯಂತೆ ಬೇಗ ಕರಗುತ್ತಿದ್ದರೆ ಚಳಿಗಾಲದ ಬೆಳಗಿನಲ್ಲಿ ಅದು ಸಹಜ. ಆದರೆ ಇಂಜಿನ್ ಕಾದಮೇಲೂ ಆವಿ ನಿಲ್ಲದೆ, ಸಿಹಿ ವಾಸನೆಯೂ ಬರುತ್ತಿದ್ದು, ಕೂಲೆಂಟ್ ಡಬ್ಬಿಯ ಮಟ್ಟ ದಿನದಿನಕ್ಕೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಸಂಶಯ. ಆಗ ಈ ಲೇಖನ ಬದಿಗಿಟ್ಟು ಗಾಡಿ ಓಡಿಸುವುದನ್ನೇ ನಿಲ್ಲಿಸಿ. ನೀಲಿ ಹೊಗೆ ಇಂಜಿನ್ ಆಯಿಲ್ ಉರಿಯುವುದರ ಗುರುತು. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಡೀಸೆಲ್ ಮಿತಿಮೀರಿದೆ.

ಸೈಲೆನ್ಸರಿನ ಬಾಯಿಗೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು ನೋಡಿ. ಗಾಳಿ ಒಂದೇ ಸಮನೆ ತಟ್ಟುತ್ತಿದೆಯೇ, ನಡುನಡುವೆ ಒಂದು ಏಟು ತಪ್ಪುತ್ತಿದೆಯೇ? ಸಮನಾಗಿದ್ದೂ ಸೀಟು, ಸ್ಟೀರಿಂಗ್ ನಡುಗುತ್ತಿದ್ದರೆ ಇಂಜಿನ್ ಆರೋಗ್ಯವಾಗಿಯೇ ಇದೆ, ಅದನ್ನು ಹಿಡಿದುಕೊಂಡ ರಬ್ಬರ್ ಮೌಂಟಿಂಗ್ ಹಳತಾಗಿದೆ. ಗಟ್ಟಿಯಾದ ರಬ್ಬರ್ ಚಳಿಯಲ್ಲಿ ಇನ್ನಷ್ಟು ಗಟ್ಟಿ. ಇಂಥ ಕಾರುಗಳ ನಾಝಲ್ ಬಿಚ್ಚಿಸಿ ಸಾವಿರಾರು ರೂಪಾಯಿ ಕಳೆದುಕೊಂಡವರು ಕಡಿಮೆಯೇನಿಲ್ಲ.

ಸೆಲ್ಫ್ ಹೇಗೆ ತಿರುಗುತ್ತಿದೆ ಎಂಬುದನ್ನೂ ಕೇಳಿಸಿಕೊಳ್ಳಿ. ರಾತ್ರಿ ನಿಂತ ಬ್ಯಾಟರಿಯಲ್ಲಿ 12.4 ವೋಲ್ಟ್‌ಗಿಂತ ಕಡಿಮೆ ಇದ್ದರೆ, ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಜಾರಿದರೆ ಮೊದಲು ಬ್ಯಾಟರಿ ನೋಡಿಸಿ. ಟರ್ಮಿನಲ್ಲಿನ ಬಿಳಿ ಪುಡಿ, ಇಂಜಿನ್ನಿನಿಂದ ಬಾಡಿಗೆ ಬರುವ ಅರ್ತ್ ವೈರಿನ ತುಕ್ಕು ಇವೂ ಇದೇ ಲೆಕ್ಕಕ್ಕೆ ಸೇರುತ್ತವೆ. 5ಡಬ್ಲ್ಯು-30 ಹಾಕಬೇಕಾದ ಇಂಜಿನ್ನಿಗೆ ಯಾರೋ ಅಗ್ಗಕ್ಕೆ ಸಿಕ್ಕಿತೆಂದು ದಪ್ಪನೆಯ 20ಡಬ್ಲ್ಯು-50 ಸುರಿದಿದ್ದರೆ, ಒಳ್ಳೆಯ ಬ್ಯಾಟರಿಯೂ ಚಳಿಯಲ್ಲಿ ಏದುಸಿರು ಬಿಡುತ್ತದೆ.

ನಂತರದ ಬೆಳಗುಗಳು: ದಿನಕ್ಕೊಂದೇ ಬದಲಾವಣೆ

ಇಲ್ಲಿಂದ ಮುಂದೆ ಒಂದು ಬೆಳಗಿಗೆ ಒಂದೇ ಪರೀಕ್ಷೆ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಒಮ್ಮೆ ಸ್ಟಾರ್ಟ್ ಮಾಡಿದಿರೋ ಆ ದಿನದ ಅವಕಾಶ ಮುಗಿಯಿತು, ಮತ್ತೆ ಮರುದಿನವೇ.

ಒಂದು ದಿನ ಕೀ ಆನ್ ಮಾಡಿ ಸುರುಳಿ ದೀಪ ಆರುವವರೆಗೆ ಕಾದು, ಸೆಲ್ಫ್ ಹೊಡೆಯದೆ ಆಫ್ ಮಾಡಿ. ಇದನ್ನು ಮೂರು ಸಲ ಮಾಡಿ ಆಮೇಲೆ ಸ್ಟಾರ್ಟ್ ಮಾಡಿ. ನಡುಕ ಎದ್ದು ಕಾಣುವಷ್ಟು ಕಡಿಮೆಯಾದರೆ ಹೀಟರ್ ಪ್ಲಗ್‌ಗಳ ಬಲ ಕುಂದಿದೆ ಎಂದು ಊಹಿಸಬಹುದು. ಆದರೆ ಇದರಲ್ಲೊಂದು ಮೋಸವಿದೆ. ಟ್ಯಾಂಕಿನೊಳಗೆ ಎಲೆಕ್ಟ್ರಿಕ್ ಪಂಪ್ ಇರುವ ಕಾರುಗಳಲ್ಲಿ ಪ್ರತಿ ಸಲ ಕೀ ಆನ್ ಮಾಡಿದಾಗಲೂ ಆ ಪಂಪು ಕೆಲ ಸೆಕೆಂಡು ಓಡಿ ಡೀಸೆಲನ್ನು ಮುಂದಕ್ಕೆ ತಳ್ಳುತ್ತದೆ. ಹಾಗಾಗಿ ಗುಣ ಕಂಡಿದ್ದು ಬಿಸಿಯಿಂದಲೋ ಡೀಸೆಲ್ ಬಂದು ತುಂಬಿದ್ದರಿಂದಲೋ ಹೇಳಲಾಗುವುದಿಲ್ಲ. ಬೇರ್ಪಡಿಸಲು ಮುಂದಿನ ಪರೀಕ್ಷೆ ಬೇಕು.

ಇನ್ನೊಂದು ರಾತ್ರಿ ಕಾರನ್ನು ಇಳಿಜಾರಿನಲ್ಲಿ ಮೂತಿ ಕೆಳಗಾಗಿ ನಿಲ್ಲಿಸಿ, ಮರುರಾತ್ರಿ ಮೂತಿ ಮೇಲಾಗಿ. ಮಲೆನಾಡಿನವರಿಗೆ ಇಳಿಜಾರು ಹುಡುಕಬೇಕಾದ್ದಿಲ್ಲ, ಬಯಲುಸೀಮೆಯವರು ಯಾವುದಾದರೂ ರ್‍ಯಾಂಪ್ ನೋಡಿಕೊಳ್ಳಬೇಕು. ಡೀಸೆಲ್ ಪೈಪಿನ ಜೋಡಣೆಯಲ್ಲೋ ಫಿಲ್ಟರಿನ ಸೀಲಿನಲ್ಲೋ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ರಾತ್ರಿಯಿಡೀ ಅಲ್ಲಿಂದ ಗಾಳಿ ಒಳಗೆ ನುಸುಳಿ ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿನ ಕಡೆ ಜಾರುತ್ತದೆ. ಮೂತಿ ಮೇಲಿದ್ದಾಗ ಹೆಚ್ಚು ಕಾಟ, ಕೆಳಗಿದ್ದಾಗ ಸಲೀಸು ಎಂದಾದರೆ ಗಾಡಿ ಏರ್ ಹಿಡಿದಿದೆ. ಏರ್ ಹಿಡಿದ ಕಾರಿನ ವರಸೆಯೇ ಬೇರೆ: ಮೊದಲ ಎರಡು–ಮೂರು ಸೆಕೆಂಡು ಚೆಂದಾಗಿ ಓಡುತ್ತದೆ, ಆಮೇಲೆ ತೊದಲುತ್ತದೆ, ಕೆಲವೊಮ್ಮೆ ಆಫ್ ಆಗಿಯೂಬಿಡುತ್ತದೆ. ಪಂಪಿನಲ್ಲಿ ಉಳಿದಿದ್ದ ಡೀಸೆಲ್ ಖರ್ಚಾಗಿ ಗಾಳಿಗುಳ್ಳೆ ಬಂದ ಹೊತ್ತದು. ಹೀಟರ್ ಪ್ಲಗ್ ಸತ್ತ ಕಾರು ಹಾಗಲ್ಲ, ಮೊದಲ ಏಟಿನಿಂದಲೇ ಕುಂಟುತ್ತಾ ಬಂದು ಕ್ರಮೇಣ ನೆಟ್ಟಗಾಗುತ್ತದೆ. ಫಿಲ್ಟರಿನ ಬಳಿ ಕೈಯಿಂದ ಒತ್ತುವ ಪಂಪಿದ್ದರೆ ಸ್ಟಾರ್ಟ್ ಮಾಡುವ ಮೊದಲು ಅದು ಗಟ್ಟಿಯಾಗುವವರೆಗೆ ಒತ್ತಿ ನೋಡುವುದೂ ಇದೇ ಪರೀಕ್ಷೆಯ ಇನ್ನೊಂದು ದಾರಿ.

ಏರ್ ಹಿಡಿದ ಕಾರುಗಳಲ್ಲಿ ಬಹಳಷ್ಟು ಇತ್ತೀಚೆಗೆ ಡೀಸೆಲ್ ಫಿಲ್ಟರ್ ಬದಲಿಸಿದವು. ಹಳೆಯ ಓ-ರಿಂಗನ್ನೇ ಮತ್ತೆ ಕೂರಿಸಿರುತ್ತಾರೆ, ಇಲ್ಲವೇ ಪೈಪಿನ ಕ್ಲಿಪ್ಪು ಪೂರ್ತಿ ಕೂತಿರುವುದಿಲ್ಲ. ಫಿಲ್ಟರಿನಿಂದ ಪಂಪಿಗೆ ಹೋಗುವ ಕಡಿಮೆ ಒತ್ತಡದ ಪೈಪಿನ ಜಾಗದಲ್ಲಿ ಒಂದು ತುಂಡು ಪಾರದರ್ಶಕ ಪೈಪು ಹಾಕಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಫಿಲ್ಟರಿನ ಕೆಳಗಿನ ತಿರುಪು ಸಡಿಲಿಸಿ ಸ್ವಲ್ಪ ಡೀಸೆಲನ್ನು ಗಾಜಿನ ಲೋಟಕ್ಕೆ ಬಿಟ್ಟುಕೊಳ್ಳಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಹೀಟರ್ ಪ್ಲಗ್ ಪರೀಕ್ಷೆ

ಇದನ್ನು ಕೈ ಓಡುವ ಯಾರೂ ಮಾಡಬಹುದು. ಇಂಜಿನ್ ತಣ್ಣಗಿರಲಿ, ಕೀ ಆಫ್ ಇರಲಿ. ಪ್ಲಗ್ಗಿನ ತಲೆಯಿಂದ ವೈರನ್ನು, ನಾಲ್ಕಕ್ಕೂ ಸೇರಿ ಒಂದೇ ಪಟ್ಟಿಯಿದ್ದರೆ ಆ ಪಟ್ಟಿಯನ್ನು, ತೆಗೆಯಿರಿ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಮೊದಲು ಅದರ ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ. ಅಗ್ಗದ ಮೀಟರಿನ ವೈರಿನಲ್ಲೇ 0.2–0.3 ಓಮ್ ಇರುತ್ತದೆ, ಅದನ್ನು ಕಳೆಯಬೇಕು. ಆಮೇಲೆ ಒಂದು ಕಡ್ಡಿ ಪ್ಲಗ್ಗಿನ ತಲೆಗೆ, ಇನ್ನೊಂದು ಇಂಜಿನ್ನಿನ ಬರಿಯ ಲೋಹಕ್ಕೆ. ಸಾಮಾನ್ಯ ಲೋಹದ ಪ್ಲಗ್ ಚೆನ್ನಾಗಿದ್ದರೆ ಒಂದು ಓಮ್ ಆಸುಪಾಸು, ಇಲ್ಲವೇ ಅದಕ್ಕೂ ಕಡಿಮೆ ತೋರಿಸುತ್ತದೆ. ಮೀಟರ್ ಅಲುಗದಿದ್ದರೆ ಒಳಗಿನ ಸುರುಳಿ ಕಡಿದಿದೆ. ಮೂರು ಒಂದೇ ರೀತಿ ಇದ್ದು ನಾಲ್ಕನೆಯದು ದೂರ ಸಿಡಿದಿದ್ದರೆ ಅದೂ ಹೋದ ಹಾಗೆಯೇ.

ನಾಲ್ಕೂ ಸರಿಯಿದ್ದರೆ ಪ್ಲಗ್‌ಗಳಿಗೆ ಕರೆಂಟು ಬರುತ್ತಿದೆಯೇ ನೋಡಿ. ವೈರು ಸಿಕ್ಕಿಸಿ, ಬೆಳಗಿನ ತಣ್ಣಗಿನಲ್ಲೇ ಕೀ ಆನ್ ಮಾಡಿಸಿ ವೋಲ್ಟ್ ಅಳೆಯಿರಿ. ಮಧ್ಯಾಹ್ನ ಅಳೆದು "ಕರೆಂಟೇ ಬರ್ತಿಲ್ಲ" ಎಂದು ರಿಲೇ ಬದಲಿಸಿದರೆ ದಂಡ, ಬಿಸಿಯಿದ್ದಾಗ ಇಂಜಿನ್ನಿನ ಕಂಪ್ಯೂಟರ್ ತಾನಾಗಿಯೇ ಕರೆಂಟು ಕೊಡುವುದಿಲ್ಲ. ಹಳೆಯ ಗ್ಯಾರೇಜುಗಳಲ್ಲಿ ಪ್ಲಗ್ ಬಿಚ್ಚಿ ನೇರ ಬ್ಯಾಟರಿಗೆ ಹಿಡಿದು ಕೆಂಪಾಗುವುದನ್ನು ನೋಡುವ ಪದ್ಧತಿಯಿದೆ. ಹೊಸ ಕಾರುಗಳಲ್ಲಿ ಐದು–ಏಳು ವೋಲ್ಟಿನ ಪ್ಲಗ್‌ಗಳು, ಸೆರಾಮಿಕ್ ತುದಿಯವು ಬಂದಿವೆ. ಅವಕ್ಕೆ ನೇರ 12 ವೋಲ್ಟ್ ಕೊಟ್ಟರೆ ಅಲ್ಲೇ ಸುಟ್ಟುಹೋಗುತ್ತವೆ.

ಬಿಚ್ಚುವ ಕೆಲಸ ಮಾತ್ರ ಪಳಗಿದ ಕೈಗೇ ಬಿಡಿ. ಒಂದು ಲಕ್ಷ ಕಿಲೋಮೀಟರ್ ಹೆಡ್ಡಿನೊಳಗೇ ಕೂತು ಮಸಿ ಕಟ್ಟಿದ ಪ್ಲಗ್ ಸುಲಭಕ್ಕೆ ಬರುವುದಿಲ್ಲ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಇಂಜಿನ್ ಬೆಚ್ಚಗಿರುವಾಗ, ಸ್ವಲ್ಪ ಸಡಿಲಿಸಿ ಸ್ವಲ್ಪ ಬಿಗಿದು ತೆಗೆಯಬೇಕು. ಬಲ ಹಾಕಿ ಅದು ಒಳಗೆ ಮುರಿದರೆ ಹೆಡ್ಡನ್ನೇ ಇಳಿಸಬೇಕಾದೀತು. ಅಷ್ಟು ಓಡಿದ ಕಾರಿನಲ್ಲಿ ಒಂದು ಹೋಗಿದ್ದರೆ ನಾಲ್ಕನ್ನೂ ಬದಲಿಸುವುದೇ ಲೇಸು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳುವವರು ಹಳೆಯ ಪ್ಲಗ್ಗಿನ ಮೇಲಿನ ನಂಬರು, ವೋಲ್ಟ್ ಎರಡನ್ನೂ ಬರೆದುಕೊಂಡು ಹೋಗಿ. ನೋಡಲು ಒಂದೇ ಥರ ಇದ್ದು ಉದ್ದ ಬೇರೆ ಇರುವ ಪ್ಲಗ್‌ಗಳಿವೆ.

ಪ್ಲಗ್, ಡೀಸೆಲ್ ಎರಡೂ ಸರಿಯಿದ್ದರೆ ಮುಂದಿನ ಸಂಶಯ ಒಂದು ಸಣ್ಣ ಸೆನ್ಸರಿನ ಮೇಲೆ. ಇಂಜಿನ್ ಎಷ್ಟು ತಣ್ಣಗಿದೆ ಎಂದು ಕಂಪ್ಯೂಟರಿಗೆ ಹೇಳುವುದು ಕೂಲೆಂಟ್ ಸೆನ್ಸರ್. ಅದು ಸುಳ್ಳು ಹೇಳಿದರೆ ಹೀಟರ್ ಪ್ಲಗ್ಗಿನ ಸಮಯ, ಡೀಸೆಲ್ಲಿನ ಅಳತೆ ಎಲ್ಲವೂ ತಪ್ಪುತ್ತದೆ. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಒಬಿಡಿ ಸ್ಕ್ಯಾನರನ್ನು ಬೆಳಗ್ಗೆ ಸಿಕ್ಕಿಸಿ, ಸ್ಟಾರ್ಟ್ ಮಾಡದೆ ಕೀ ಆನ್ ಮಾತ್ರ ಮಾಡಿ ಓದಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಕೂಲೆಂಟಿನ ಬಿಸಿ, ಒಳಬರುವ ಗಾಳಿಯ ಬಿಸಿ, ಹೊರಗಿನ ಹವೆ ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕು. ಹೊರಗೆ 15 ಡಿಗ್ರಿ ಇರುವಾಗ ಕೂಲೆಂಟ್ 60 ಎಂದರೆ ಸೆನ್ಸರ್ ಕೆಟ್ಟಿದೆ, ಮೈನಸ್ 40 ಎಂದರೆ ಅದರ ವೈರೋ ಪಿನ್ನೋ ಕಳಚಿರುವ ಸಾಧ್ಯತೆಯೇ ಹೆಚ್ಚು.

ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಡುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟಿ ಅದು ತೆರೆದೇ ಉಳಿದರೂ ಐಡ್ಲಿಂಗ್ ಕೆಡುತ್ತದೆ. ಆದರೆ ಆಗ ಹೊಗೆ ಕಪ್ಪಗಿರುತ್ತದೆ, ಎತ್ತುವಾಗಲೂ ಗಾಡಿ ಎಳೆಯುವುದಿಲ್ಲ, ಬಿಸಿಯಾದಮೇಲೂ ಕಾಟ ಪೂರ್ತಿ ಹೋಗುವುದಿಲ್ಲ. ಬಿಚ್ಚಿ ತೊಳೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತಗಡು ಇಟ್ಟು ಮುಚ್ಚಿಸುವ ಸಲಹೆಗೆ ಮರುಳಾಗಬೇಡಿ, ಹೊಗೆ ನಿಯಮಕ್ಕೂ ಅದು ವಿರುದ್ಧ.

ನಾಝಲ್ಲಿನ ಸರದಿ

ನಾಝಲ್ ಎಂದು ಗ್ಯಾರೇಜಿನವರು ಕರೆಯುವ ಇಂಜೆಕ್ಟರಿನ ಸರದಿ ಬರಬೇಕಾದ್ದು ಈಗ, ಮೊದಲಲ್ಲ. ನಾಲ್ಕನ್ನೂ ಹೊಸದು ಹಾಕಿಸಿದರೆ ಹಳೆಯ ಕಾರಿನ ಅರ್ಧ ಬೆಲೆ ಅಲ್ಲೇ ಕರಗಬಹುದು. ಬಿಚ್ಚುವ ಮೊದಲು ಮಾಡಿಸಬೇಕಾದ ಪರೀಕ್ಷೆಗಳಿವೆ. ಒಳ್ಳೆಯ ಸ್ಕ್ಯಾನರ್ ಪ್ರತಿ ಸಿಲಿಂಡರಿಗೆ ಕಂಪ್ಯೂಟರ್ ಎಷ್ಟು ಡೀಸೆಲ್ ಹೆಚ್ಚು–ಕಡಿಮೆ ಮಾಡಿ ಸರಿದೂಗಿಸುತ್ತಿದೆ ಎಂಬುದನ್ನು ತೋರಿಸುತ್ತದೆ. ಮೂರು ಸೊನ್ನೆಯ ಹತ್ತಿರವಿದ್ದು ಒಂದು ಮಾತ್ರ ದೂರ ಓಡಿದ್ದರೆ ಆ ಸಿಲಿಂಡರಿನಲ್ಲೇ ಹುಳುಕು. ಹಾಗೆಂದು ಅದು ಇಂಜೆಕ್ಟರೇ ಆಗಬೇಕೆಂದಿಲ್ಲ, ಕಂಪ್ರೆಶನ್ ಹೋಗಿದ್ದರೂ ಅಂಕಿ ಹೀಗೇ ಬರುತ್ತದೆ. ಎರಡನೆಯದು ರಿಟರ್ನ್ ಪರೀಕ್ಷೆ: ಪ್ರತಿ ಇಂಜೆಕ್ಟರಿನಿಂದ ಟ್ಯಾಂಕಿಗೆ ಮರಳುವ ಡೀಸೆಲನ್ನು ಬೇರೆ ಬೇರೆ ಬಾಟಲಿಗೆ ಹಿಡಿದು ಹೋಲಿಸುವುದು. ಒಂದು ಬಾಟಲಿ ಉಳಿದವಕ್ಕಿಂತ ಬೇಗ ತುಂಬಿದರೆ ಆ ಇಂಜೆಕ್ಟರಿನ ಒಳಗೆ ಸವೆದಿದೆ, ಒತ್ತಡವೆಲ್ಲ ಅಲ್ಲಿ ಸೋರುತ್ತಿದೆ. ಇಂಜೆಕ್ಟರಿನ ಬುಡದ ಸುತ್ತ ಡಾಂಬರಿನಂಥ ಕಪ್ಪು ಮೆತ್ತಿದ್ದು ತಣ್ಣಗಿರುವಾಗ ಚಸ್ ಚಸ್ ಸದ್ದು ಬರುತ್ತಿದ್ದರೆ ಹೋಗಿರುವುದು ಕೆಳಗಿನ ತಾಮ್ರದ ವಾಷರ್ ಅಷ್ಟೇ.

ಒಂದು ಎಚ್ಚರಿಕೆ. ಹಳೆಯ ಪಂಪಿನ ಕಾಲದಲ್ಲಿ ಇಂಜಿನ್ ಓಡುತ್ತಿರುವಾಗಲೇ ಒಂದೊಂದು ಪೈಪಿನ ನಟ್ಟು ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಎಂದು ನೋಡುತ್ತಿದ್ದರು. ಕಾಮನ್ ರೇಲ್‌ನಲ್ಲಿ ಐಡ್ಲಿಂಗ್ ಹೊತ್ತಿಗೇ ಪೈಪಿನೊಳಗೆ 250–300 ಬಾರ್ ಒತ್ತಡವಿರುತ್ತದೆ, ಆಕ್ಸಿಲರೇಟರ್ ತುಳಿದರೆ ಸಾವಿರ ದಾಟುತ್ತದೆ. ಆ ಡೀಸೆಲ್ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ, ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಓಡುವ ಇಂಜಿನ್ನಿನಲ್ಲಿ ಆ ನಟ್ಟಿಗೆ ಸ್ಪ್ಯಾನರ್ ಹಾಕಲು ಯಾರಿಗೂ ಬಿಡಬೇಡಿ. ಹಾಗೆಯೇ ಗಾಳಿ ಫಿಲ್ಟರಿನ ಬಾಯಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವುದು, ಪೆಟ್ರೋಲಿನ ಬಟ್ಟೆ ಹಿಡಿಯುವುದು: ಕೆಂಪಗೆ ಕಾದ ಹೀಟರ್ ಪ್ಲಗ್ ಇರುವ ಇಂಜಿನ್ನಿಗೆ ಇದು ಸಿಡಿಮದ್ದು.

ಇಷ್ಟರಲ್ಲೂ ಏನೂ ಸಿಗದಿದ್ದರೆ ಕಂಪ್ರೆಶನ್ ಅಳೆಸಬೇಕು. ಗಟ್ಟಿ ಡೀಸೆಲ್ ಇಂಜಿನ್ನಿನಲ್ಲಿ ಅದು 25–30 ಬಾರ್ ಮಟ್ಟದಲ್ಲಿರುತ್ತದೆ. ಎಷ್ಟಿದೆ ಎನ್ನುವುದಕ್ಕಿಂತ ನಾಲ್ಕರ ನಡುವೆ ಎಷ್ಟು ಅಂತರವಿದೆ ಎಂಬುದೇ ಮುಖ್ಯ.

ಇನ್ನೊಂದು ಕಾರಣ ಕರ್ನಾಟಕದ ಮನೆಯಂಗಳದಲ್ಲಿ ಎದುರಾಗುವುದೇ ಇಲ್ಲ, ಕಾರು ಹತ್ತಿಸಿಕೊಂಡು ಚಳಿಗಾಲದಲ್ಲಿ ಸ್ಪಿತಿಗೋ ಲಡಾಖಿಗೋ ಹೊರಟವರಿಗೆ ಮಾತ್ರ ಅನ್ವಯ. ಡೀಸೆಲ್‌ನಲ್ಲಿ ಮೇಣದ ಅಂಶವಿದೆ. ತೀರಾ ಚಳಿಯಲ್ಲಿ ಅದು ಹರಳುಗಟ್ಟಿ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ. ಲಡಾಖಿನಲ್ಲಿ ಇಂಡಿಯನ್ ಆಯಿಲ್ 2019ರ ನವೆಂಬರಿನಿಂದ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ಮಾರುತ್ತಿದೆ. ಕೆಳಗಿನ ಊರಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿಕೊಂಡು ಘಟ್ಟ ಹತ್ತುವುದಕ್ಕಿಂತ ಮೇಲಿನ ಬಂಕಿನ ಡೀಸೆಲ್ ಹಾಕಿಸಿಕೊಳ್ಳುವುದು ಅಲ್ಲಿ ಕ್ಷೇಮ. ಟ್ಯಾಂಕಿನ ಕೆಳಗೆ ಬೆಂಕಿ ಹಚ್ಚುವ ಲಾರಿಯವರನ್ನು ನೋಡಿ ಕಲಿಯಬೇಡಿ.

ಗ್ಯಾರೇಜಿಗೆ ಕೊಡುವ ದಿನ ಸಂಜೆಯೇ ಕಾರು ಬಿಟ್ಟು ಬನ್ನಿ. ಜಾಬ್ ಕಾರ್ಡಿನಲ್ಲಿ "ಸ್ಟಾರ್ಟಿಂಗ್ ಪ್ರಾಬ್ಲಂ" ಎಂದು ಬರೆಸಬೇಡಿ, ಹಾಗೆ ಬರೆದರೆ ಬ್ಯಾಟರಿ ನೋಡಿ ಕಳಿಸುತ್ತಾರೆ. "ರಾತ್ರಿ ನಿಂತಮೇಲೆ ಮೊದಲ ಸ್ಟಾರ್ಟ್‌ನಲ್ಲಿ ಇಷ್ಟು ಹೊತ್ತು ನಡುಗುತ್ತದೆ, ಇಂಥ ಬಣ್ಣದ ಹೊಗೆ ಬರುತ್ತದೆ, ಬೆಳಗ್ಗೆ ಸ್ಕ್ಯಾನರ್ ಸಿಕ್ಕಿಸಿಯೇ ಸ್ಟಾರ್ಟ್ ಮಾಡಬೇಕು" ಎಂದು ಬರೆಸಿ. ಸಾಧ್ಯವಾದರೆ ಬೆಳಗ್ಗೆ ನೀವೂ ಅಲ್ಲಿರಿ, ಜಾಗ ಮಾಡಿಕೊಳ್ಳಲೆಂದು ಹುಡುಗರು ಏಳು ಗಂಟೆಗೇ ಕಾರನ್ನು ಸ್ಟಾರ್ಟ್ ಮಾಡಿ ಪಕ್ಕಕ್ಕೆ ಹಾಕಿಬಿಡುವುದುಂಟು. ಇಂಜೆಕ್ಟರ್ ಬದಲಿಸಲೇಬೇಕಾಗಿ ಬಂದರೆ ಹಳೆಯದನ್ನು ಕೇಳಿ ಪಡೆಯಿರಿ. ಹೊಸದರ ಮೈಮೇಲಿನ ಕೋಡನ್ನು ಕಾರಿನ ಕಂಪ್ಯೂಟರಿಗೆ ಹಾಕಬೇಕಾದ ಮಾದರಿಯಾಗಿದ್ದರೆ ಹಾಕಿದ್ದಾರೆಯೇ ಎಂದು ಸ್ಕ್ಯಾನರಿನಲ್ಲೇ ತೋರಿಸಲು ಹೇಳಿ. ಅದನ್ನು ಹಾಕದೆ ಕಳಿಸಿದರೆ ಹೊಸ ಇಂಜೆಕ್ಟರಿನ ಕಾರೂ ಮರುದಿನ ಬೆಳಗ್ಗೆ ನಡುಗಬಹುದು.